ಬನ್ನಿ ತಡವಾಗಿ

ಇಪ್ಪತ್ತೆರಡು ವರ್ಷದಿಂದ ಬೋರ್ಡು ಬರೆಯುತ್ತಿದ್ದೇನೆ. ಈ ಇಪ್ಪತ್ತೆರಡು ವರ್ಷದಲ್ಲಿ ನನ್ನ ಬ್ರಷ್ಷಿನಿಂದ ಒಂದೇ ಒಂದು ಅಲ್ಪವಿರಾಮವಾಗಲಿ ಪೂರ್ಣವಿರಾಮವಾಗಲಿ ಬಿದ್ದದ್ದಿಲ್ಲ ಎಂದು ಎದೆ ತಟ್ಟಿ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು. ಈಗ ಹೇಳಿಕೊಳ್ಳುವುದಿಲ್ಲ. ಯಾಕೆ ಹೇಳಿಕೊಳ್ಳುವುದಿಲ್ಲ ಎಂಬುದನ್ನು ನಮ್ಮ ಬೀದಿಯ ಯಾವ ಮಗುವನ್ನು ಕೇಳಿದರೂ ನಗುತ್ತಾ ಹೇಳುತ್ತದೆ. ಅದಕ್ಕಿಂತ ನಾನೇ ಹೇಳುವುದು ಮರ್ಯಾದೆ.

ನನ್ನ ವಾದ ಸರಳವಾಗಿತ್ತು. ದುಂಡಗೆ, ತಲೆಕಟ್ಟು ಸಮೇತ, ಒತ್ತಕ್ಷರಕ್ಕೆ ಕಾಲು ಚಾಚಲು ಜಾಗ ಬಿಟ್ಟು ಒಂದು ಸಾಲು ಬರೆದ ಮೇಲೆ ಅದರ ಪಕ್ಕದಲ್ಲೊಂದು ಚುಕ್ಕೆ ಇಟ್ಟರೆ ಬಿಳಿ ಅಂಗಿಯ ಮೇಲೆ ನೊಣ ಕೂತ ಹಾಗೆ ಕಾಣುತ್ತದೆ. ನೋಡಿದವರು ಬಣ್ಣ ಸಿಡಿದಿದೆ ಎಂದುಕೊಳ್ಳುತ್ತಾರೆ. ಅಲ್ಪವಿರಾಮದ ವಿಷಯವಂತೂ ಕೇಳಲೇಬೇಡಿ. ಅದರ ಹೆಸರಲ್ಲೇ ಅಲ್ಪ. ಅಲ್ಪರ ಸಂಗ ಅಭಿಮಾನ ಭಂಗ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಜೊತೆಗೆ, ನಾನು ಅಕ್ಷರ ಬರೆಯುವವನೇ ಹೊರತು ಓದುವವನಲ್ಲ. 'ರ' ಅಂದರೆ ನನಗೆ ಒಂದು ಸೊನ್ನೆ, ಅದಕ್ಕೊಂದು ತಲೆಕಟ್ಟು, ಅಷ್ಟೆ. ಬೇಕರಿಯ ಬೋರ್ಡು ಬರೆಯುವಾಗ ನನಗೆ ಹಸಿವಾಗುವುದಿಲ್ಲ, ಆಸ್ಪತ್ರೆಯ ಬೋರ್ಡು ಬರೆಯುವಾಗ ಕೆಮ್ಮು ಬರುವುದಿಲ್ಲ. ಕಲಾವಿದ ಅಂದಮೇಲೆ ಅಷ್ಟು ನಿರ್ಲಿಪ್ತತೆ ಬೇಕು.

ನಮ್ಮ ಬೀದಿಯ ಮೂಲೆಯಲ್ಲಿ ಒಂದು ಪ್ರಾಥಮಿಕ ಶಾಲೆಯಿದೆ. ಎರಡು ಕೋಣೆ, ಒಂದು ಅಂಗಳ, ಒಂದು ಕಬ್ಬಿಣದ ಗೇಟು, ಇಬ್ಬರು ಟೀಚರು. ದೊಡ್ಡ ಟೀಚರು ಹನ್ನೊಂದು ವರ್ಷದಿಂದ ಅಲ್ಲಿಯ ಮುಖ್ಯಸ್ಥೆ. ಒಂಬತ್ತಕ್ಕೆ ಗಂಟೆ ಬಾರಿಸುತ್ತಾರೆ, ಒಂಬತ್ತೂ ಐದಕ್ಕೆ ಗೇಟಿಗೆ ಬೀಗ ಹಾಕುತ್ತಾರೆ. ಆ ಐದು ನಿಮಿಷ ಅವರ ಕರುಣೆ. ಆರನೆಯ ನಿಮಿಷದಿಂದ ಅವರ ಕರ್ತವ್ಯ ಶುರು. ತಡವಾಗಿ ಬಂದ ಮಗುವಿಗೆ ಗೇಟಿನ ಕಂಬಿಗಳ ಮಧ್ಯದಿಂದ "ನಾಳೆ ಬಾ, ಸಮಯಕ್ಕೆ ಬಾ" ಎಂದು ಹೇಳಿ ವಾಪಸು ಕಳಿಸುತ್ತಾರೆ. ಇದರಿಂದ ಮಕ್ಕಳು ಸಮಯಪಾಲನೆ ಕಲಿಯುತ್ತಾರೆಂದು ಅವರ ನಂಬಿಕೆ. ಮಕ್ಕಳು ಕಲಿತದ್ದು ಬೇರೆ. ಎಚ್ಚರವಾಗುವಾಗ ಎಂಟೂ ಮುಕ್ಕಾಲು ದಾಟಿದ್ದರೆ ಇನ್ನು ಹೋಗಿ ಪ್ರಯೋಜನವಿಲ್ಲ ಎಂದು ಹೊದಿಕೆ ಎಳೆದುಕೊಳ್ಳುವುದನ್ನು ಕಲಿತರು. ಹೀಗಾಗಿ ರಿಜಿಸ್ಟರಿನಲ್ಲಿ ನಲವತ್ತೊಂದು ಮಕ್ಕಳು, ಬೆಂಚಿನ ಮೇಲೆ ಇಪ್ಪತ್ತನಾಲ್ಕು.

ಒಂದು ಶನಿವಾರ ಮಧ್ಯಾಹ್ನ ದೊಡ್ಡ ಟೀಚರು ನನ್ನನ್ನು ಕರೆಸಿದರು.

"ಪೇಂಟ್ರೇ, ಮಂಗಳವಾರ ಮೇಲಿನ ಆಫೀಸಿಂದ ಸಾಹೇಬರು ಬರ್ತಿದಾರೆ. ಮುಕ್ಕಾಲು ಪಾಲು ಮಕ್ಕಳಾದ್ರೂ ಕಾಣಬೇಕು. ಇಲ್ಲಾಂದ್ರೆ ಇಷ್ಟು ಮಕ್ಕಳಿಗೆ ಇಬ್ಬರು ಟೀಚರ್ ಯಾಕೆ ಅಂತ ಚಿಕ್ಕ ಟೀಚರನ್ನ ಬೇರೆ ಕಡೆ ಹಾಕ್ತಾರೆ."

ಆ ಮಾತಿಗೆ ನಾನು ಹೆದರಿದೆ. ಕಾರಣ ನನ್ನ ಮಗಳು. ಅವಳ ಮಾತು ಪಕ್ಕದಲ್ಲಿ ಕೂತವರಿಗೂ ಕೇಳಿಸದಷ್ಟು ಮೆಲ್ಲಗೆ ಇರುವುದರಿಂದ ನನ್ನ ಅತ್ತೆ ಅವಳಿಗೆ ಮೆಲ್ಲಿ ಎಂದು ಹೆಸರಿಟ್ಟಿದ್ದಾರೆ. ಒಂದನೇ ಕ್ಲಾಸಿನ ಇಡೀ ವರ್ಷ ಅವಳು ಶಾಲೆಯ ಗೇಟು ಹಿಡಿದುಕೊಂಡು ಅತ್ತದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಎರಡನೇ ಕ್ಲಾಸಿಗೆ ಚಿಕ್ಕ ಟೀಚರು ಬಂದರು. ಅವರು ಮೊದಲ ದಿನವೇ ನೆಲದ ಮೇಲೆ ಮಂಡಿಯೂರಿ ಕೂತು ತಮ್ಮ ಕಿವಿಯನ್ನು ಮೆಲ್ಲಿಯ ಬಾಯಿಯ ಹತ್ತಿರ ತಂದು, "ಹೇಳಮ್ಮ, ನನಗೊಬ್ಬಳಿಗೇ ಹೇಳು" ಅಂದರಂತೆ. ಅವತ್ತಿನಿಂದ ಮೆಲ್ಲಿ ಎಂಟೂವರೆಗೇ ಚೀಲ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಾಳೆ. ಚಿಕ್ಕ ಟೀಚರು ಹೋದರೆ ನನ್ನ ಮಗಳ ಓದು ಅಲ್ಲಿಗೆ ಮುಗಿಯಿತು ಎಂದು ನನಗೆ ಗೊತ್ತಿತ್ತು. ಅದಕ್ಕೇ ಹೇಳಿದೆ, "ಏನು ಬೇಕು ಹೇಳಿ ಮೇಡಂ, ಸೋಮವಾರದೊಳಗೆ ಮಾಡಿಕೊಡ್ತೀನಿ."

ಅವರು ಒಂದು ಚೀಟಿ ಕೊಟ್ಟರು. "ಗೇಟಿಂದ ಬಂದ ತಕ್ಷಣ ಕಾಣೋ ಗೋಡೆ ಮೇಲೆ, ಎರಡು ಕಿಟಕಿ ನಡುವೆ, ದೊಡ್ಡದಾಗಿ ಬರೀರಿ. ಒಂದಕ್ಷರ ಹೆಚ್ಚು ಕಮ್ಮಿ ಆಗಬಾರದು."

ಚೀಟಿಯಲ್ಲಿ ಇದ್ದದ್ದು ಇಷ್ಟು: ದಿನವೂ ಶಾಲೆಗೆ ಬನ್ನಿ. ತಡವಾಗಿ ಬರಬೇಡಿ. ಸಮಯಕ್ಕೆ ಸರಿಯಾಗಿ ಬಂದವರೇ ಜಾಣರು.

ಭಾನುವಾರ ಬೆಳಿಗ್ಗೆ ಏಣಿ ಹಾಕಿದೆ. ಎರಡು ಕಿಟಕಿಗಳ ನಡುವಿನ ಜಾಗ ಉದ್ದಕ್ಕಿಂತ ಎತ್ತರ ಜಾಸ್ತಿ. ನಾಲ್ಕು ಸಾಲು ಚೆನ್ನಾಗಿ ಕೂರುತ್ತದೆಂದು ಲೆಕ್ಕ ಹಾಕಿ, ಸಾಲಿಗೆ ಎರಡೆರಡು ಪದದಂತೆ ಹಂಚಿದೆ. ಉಳಿದ ಪದಗಳನ್ನು ಕೊನೆಯ ಸಾಲಿಗೆ ತುಂಬಿದೆ. ಗಾಢ ನೀಲಿ ಬಣ್ಣ, ಒಂದೊಂದು ಅಕ್ಷರ ಒಂದೊಂದು ಗೇಣು. ಚೀಟಿಯಲ್ಲಿದ್ದ ಚುಕ್ಕೆಗಳನ್ನು ಎಂದಿನಂತೆ ದೊಡ್ಡ ಮನಸ್ಸು ಮಾಡಿ ಕೈಬಿಟ್ಟೆ. ಸಂಜೆಗೆ ಗೋಡೆ ಹೀಗಿತ್ತು:

ದಿನವೂ ಶಾಲೆಗೆ
ಬನ್ನಿ ತಡವಾಗಿ
ಬರಬೇಡಿ ಸಮಯಕ್ಕೆ
ಸರಿಯಾಗಿ ಬಂದವರೇ ಜಾಣರು

ದೊಡ್ಡ ಟೀಚರು ಬಂದು ನೋಡಿದರು. ತಾವೇ ಬರೆದ ಮಾತಾದ್ದರಿಂದ ಅವರು ಗೋಡೆಯನ್ನು ಓದಲೇ ಇಲ್ಲ, ಬಾಯಿಪಾಠ ಒಪ್ಪಿಸಿದರು. "ದಿನವೂ ಶಾಲೆಗೆ ಬನ್ನಿ! ತಡವಾಗಿ ಬರಬೇಡಿ!" ಎಂದು ನಿಲ್ಲಬೇಕಾದ ಕಡೆ ನಿಂತು, ತಲೆ ಆಡಿಸಬೇಕಾದ ಕಡೆ ಆಡಿಸಿ, "ಅಕ್ಷರ ಮುತ್ತಿನ ಹಾಗಿದೆ ಪೇಂಟ್ರೇ" ಅಂದರು. ನಾನು ಆ ರಾತ್ರಿ ಎರಡು ತುತ್ತು ಜಾಸ್ತಿ ಊಟ ಮಾಡಿದೆ.

ಸೋಮವಾರ ಚಿಕ್ಕ ಟೀಚರು ತರಬೇತಿಗೆಂದು ಮೇಲಿನ ಆಫೀಸಿಗೆ ಹೋಗಿದ್ದರು. ದೊಡ್ಡ ಟೀಚರು ಎರಡು ಕೋಣೆಗಳ ನಡುವೆ ಓಡಾಡಿ ಸುಸ್ತಾಗಿದ್ದರು. ಎಂದಿನ ಇಪ್ಪತ್ತನಾಲ್ಕು ಮಕ್ಕಳು ಒಂಬತ್ತಕ್ಕೇ ಬಂದಿದ್ದವು. ಬಿಡುವಿನ ವೇಳೆಯಲ್ಲಿ ಅವೆಲ್ಲ ಹೊಸ ಗೋಡೆಯ ಮುಂದೆ ಸಾಲಾಗಿ ನಿಂತು, ಗಾಳಿಯಲ್ಲಿ ಬೆರಳು ಆಡಿಸುತ್ತಾ ಒಂದೊಂದೇ ಸಾಲು ಓದಿದವಂತೆ. ಮಕ್ಕಳು ಓದುತ್ತಿವೆಯೆಂದು ದೊಡ್ಡ ಟೀಚರು ಒಳಗಿನಿಂದ ನೋಡಿ ಖುಷಿಪಟ್ಟರಂತೆ. ಏನು ಓದುತ್ತಿವೆ ಎಂದು ಕೇಳಿಸಿಕೊಳ್ಳಲಿಲ್ಲ.

ಅವತ್ತು ಸಂಜೆ ಎದುರು ಅಂಗಡಿಯ ಟೈಲರು ಹೊಲಿಗೆ ಮಿಷನ್ನು ನಿಲ್ಲಿಸಿ ನನ್ನನ್ನು ಕೂಗಿದರು. ನಮ್ಮ ಬೀದಿಯಲ್ಲಿ ಅವರ ಮಿಷನ್ನು ನಿಂತಿತೆಂದರೆ ಸುದ್ದಿಯೊಂದು ಹುಟ್ಟಿತೆಂದೇ ಅರ್ಥ.

"ಪೇಂಟ್ರೇ, ಸ್ಕೂಲ್ ಟೈಮ್ ಬದಲಾಯ್ತಂತಲ್ಲ? ನನ್ನ ಮಗ ಹೇಳ್ದ. ಇನ್ಮೇಲೆ ತಡವಾಗಿ ಬರಬೇಕಂತೆ. ಗೋಡೆ ಮೇಲೇ ಬರ್ದಿದಾರಂತೆ. ಬರ್ದಿದ್ದು ನೀವೇ ಅಲ್ವಾ?"

ಬುದ್ಧಿ ಇದ್ದವನಾಗಿದ್ದರೆ ಹೋಗಿ ಗೋಡೆ ನೋಡುತ್ತಿದ್ದ. ಸಾಮಾನ್ಯ ಮನುಷ್ಯನಾಗಿದ್ದರೆ "ನನಗೆ ಗೊತ್ತಿಲ್ಲ" ಅನ್ನುತ್ತಿದ್ದ. ಆದರೆ ಆ ಎರಡು ಪದ ಚಿಕ್ಕಂದಿನಿಂದಲೂ ನನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಶಾಲೆಯ ಗೋಡೆ ಬರೆದವನಿಗೇ ಶಾಲೆಯ ಸುದ್ದಿ ತಿಳಿದಿಲ್ಲವೆಂದರೆ ನಾಳೆಯಿಂದ ಯಾರು ನನ್ನನ್ನು ಮಾತಾಡಿಸುತ್ತಾರೆ?

"ಹೌದು ಹೌದು, ಬದಲಾಯ್ತು," ಅಂದೆ. "ದೊಡ್ಡ ಟೀಚರ್ ನನಗೆ ಮೊದಲೇ ಹೇಳಿದ್ರು. ಸದ್ಯಕ್ಕೆ ಯಾರಿಗೂ ಹೇಳಬೇಡಿ ಅಂದಿದ್ರು, ಅದಕ್ಕೇ ಬಾಯಿ ಬಿಟ್ಟಿರಲಿಲ್ಲ."

"ಎಷ್ಟು ಗಂಟೆಗಂತೆ?"

"ಹತ್ತು," ಅಂದೆ. ಹತ್ತು ಎಲ್ಲಿಂದ ಬಂತು ಎಂದು ಆಮೇಲೆ ಬಹಳ ಜನ ಕೇಳಿದ್ದಾರೆ. ಅದು ಬರೆಯಲು ಚೆಂದದ ಅಂಕಿ ಎನ್ನುವುದು ಬಿಟ್ಟರೆ ನನ್ನ ಬಳಿ ಬೇರೆ ಉತ್ತರವಿಲ್ಲ.

ಟೈಲರಿಗೆ ಹೇಳುವುದೂ ಬೀದಿಗೆ ಡಂಗುರ ಸಾರುವುದೂ ಒಂದೇ. ಅರ್ಧ ಗಂಟೆಯಲ್ಲಿ ನಮ್ಮ ಬಾಗಿಲಲ್ಲಿ ಏಳು ಜನ ತಾಯಂದಿರು ನಿಂತಿದ್ದರು. ಒಬ್ಬೊಬ್ಬರಿಗೂ ಒಂದೊಂದು ಕಾರಣ ಕೊಟ್ಟೆ. ಒಬ್ಬರಿಗೆ ಮಕ್ಕಳ ನಿದ್ದೆ ಅಂದೆ, ಇನ್ನೊಬ್ಬರಿಗೆ ಮೇಲಿನ ಆದೇಶ ಅಂದೆ. ಮೂರನೆಯವರಿಗೆ ಮುಂದುವರಿದ ಊರುಗಳಲ್ಲೆಲ್ಲ ಹೀಗೇ ಅಂದೆ. ಹಾಗಿದ್ದರೆ ನಾಳೆ ಎಲ್ಲರನ್ನೂ ಕಳಿಸುತ್ತೇವೆ, ಹತ್ತು ಗಂಟೆಯಾದರೆ ನಮ್ಮವನೂ ಎದ್ದಿರುತ್ತಾನೆ ಎಂದು ಸಂತೋಷದಿಂದ ಹೋದರು. ನಮ್ಮ ಅತ್ತೆ ಬಾಗಿಲಲ್ಲೇ ನಿಂತು, "ನಮ್ಮ ಅಳಿಯಂದ್ರಿಗೆ ಮೇಲಿನವರ ಪರಿಚಯ ಇದೆ" ಎಂದು ಎಲ್ಲರನ್ನೂ ಬೀಳ್ಕೊಟ್ಟರು. ಅವರಿಗೆ ನನ್ನ ಮೇಲೆ ಇಷ್ಟು ಗೌರವ ಬಂದದ್ದು ಮದುವೆಯಾದ ಮೇಲೆ ಅದೇ ಮೊದಲು.

ಹೆಂಡತಿಗೆ ಮಾತ್ರ ಅನುಮಾನ. "ರೀ, ನಾಳೆ ಸಾಹೇಬರು ಬರ್ತಾರೆ ಅಂದ್ರಿ. ನಾಳೆನೇ ಟೈಮ್ ಬದಲಾಯಿಸ್ತಾರಾ?"

"ಅದಕ್ಕೇ ಬದಲಾಯಿಸಿದ್ದು ಕಣೇ. ಹತ್ತಕ್ಕಾದ್ರೆ ಮಕ್ಕಳೆಲ್ಲಾ ಬರ್ತಾರಲ್ಲ. ಸಾಹೇಬರಿಗೆ ತೋರಿಸಬೇಡ್ವಾ?"

ಈ ಉತ್ತರ ಎಷ್ಟು ಚೆನ್ನಾಗಿತ್ತೆಂದರೆ ನಾನೇ ಅದನ್ನು ಪೂರ್ತಿಯಾಗಿ ನಂಬಿದೆ. ಅಷ್ಟರಲ್ಲಿ ಮೆಲ್ಲಿ ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದಳು.

"ಏನಂತೆ ಅತ್ತೆ?"

"ಗೋಡೆ ಮೇಲೂ ಹಂಗೇ ಇದೆಯಂತೆ," ಅಂದರು ಅತ್ತೆ. ಇನ್ನೇನು ಬೇಕು? ಎಲ್ಲ ಸಾಕ್ಷಿಗಳೂ ಕೂಡಿ ಬಂದವು.

ಮಂಗಳವಾರ ನಾನು ಒಬ್ಬನೇ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಶಾಲೆಗೆ ಹೋದೆ. ಸಾಹೇಬರೂ ಹತ್ತಕ್ಕೇ ಬರುತ್ತಾರೆಂದುಕೊಂಡು, ಅದಕ್ಕೆ ಮೊದಲು ಗೋಡೆಯ ಬುಡದಲ್ಲಿ ಬಿದ್ದಿದ್ದ ಬಣ್ಣದ ಹನಿಗಳನ್ನು ಒರೆಸಿಬಿಡೋಣವೆಂದು ಇಸ್ತ್ರಿ ಅಂಗಿ ಹಾಕಿಕೊಂಡು, ಕೈಯಲ್ಲಿ ಬಟ್ಟೆ, ಬ್ರಷ್ಷು, ನೀಲಿ ಡಬ್ಬಿ ಹಿಡಿದುಕೊಂಡಿದ್ದೆ. ನೋಡಿದರೆ ಸಾಹೇಬರು ಆಗಲೇ ಬಂದು ಅಂಗಳದಲ್ಲಿ ನಿಂತಿದ್ದಾರೆ. ಕಂಕುಳಲ್ಲಿ ಫೈಲು, ಮೂಗಿನ ತುದಿಯಲ್ಲಿ ಕನ್ನಡಕ. ಒಂದು ಪಕ್ಕದಲ್ಲಿ ದೊಡ್ಡ ಟೀಚರು, ಇನ್ನೊಂದು ಪಕ್ಕದಲ್ಲಿ ಚಿಕ್ಕ ಟೀಚರು. ದೊಡ್ಡ ಟೀಚರು ಗಡಿಯಾರ ನೋಡಿ ಟಣ್ ಟಣ್ ಎಂದು ಗಂಟೆ ಬಾರಿಸಿದರು. ಮಾಡಿನ ಮೇಲಿದ್ದ ಒಂದು ಕಾಗೆ ಹಾರಿಹೋಯಿತು. ಆ ಗಂಟೆಗೆ ಓಗೊಟ್ಟದ್ದು ಅದೊಂದೇ.

"ಮಕ್ಕಳೆಲ್ಲಿ?" ಅಂದರು ಸಾಹೇಬರು.

ಇಬ್ಬರು ಟೀಚರೂ ಬೀದಿಯ ಕಡೆ ನೋಡುತ್ತಾ ನಿಂತದ್ದನ್ನು ಕಂಡು ನನಗೆ ಕನಿಕರವಾಯಿತು. ಸಹಾಯಕ್ಕೆ ಹೋದೆ.

"ಮಕ್ಕಳು ಹತ್ತಕ್ಕೆ ಬರ್ತಾರೆ ಸಾರ್. ಟೈಮ್ ಬದಲಾಗಿದೆ."

"ಯಾರು ಬದಲಾಯಿಸಿದ್ದು?"

"ದೊಡ್ಡ ಟೀಚರು."

"ನಾನಾ?" ಎಂದು ದೊಡ್ಡ ಟೀಚರು ಚೀರಿದರು.

"ಗೋಡೆ ಮೇಲೇ ಇದೆಯಂತಲ್ಲ ಮೇಡಂ," ಅಂದೆ ನಾನು.

ಎಲ್ಲರೂ ಗೋಡೆಯ ಕಡೆ ತಿರುಗಿದರು. ಸಾಹೇಬರು ಕನ್ನಡಕ ಮೇಲೇರಿಸಿ ಗಟ್ಟಿಯಾಗಿ ಓದಿದರು. "ದಿನವೂ ಶಾಲೆಗೆ. ಬನ್ನಿ ತಡವಾಗಿ. ಬರಬೇಡಿ ಸಮಯಕ್ಕೆ." ಅಲ್ಲಿಗೆ ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಇನ್ನೊಮ್ಮೆ ಓದಿದರು. ಕನ್ನಡಕದ ತಪ್ಪಾಗಿರಲಿಲ್ಲ.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ನಾನು ಬರೆದದ್ದನ್ನು ನಾನೂ ಓದಿದೆ. ಓದಬಾರದಿತ್ತು. ಟೈಲರು, ಏಳು ತಾಯಂದಿರು, ಹತ್ತು ಗಂಟೆ, ಮೇಲಿನ ಆದೇಶ ಎಲ್ಲವೂ ಒಂದರ ಹಿಂದೊಂದು ಕಣ್ಣ ಮುಂದೆ ಬಂದವು.

"ಚುಕ್ಕೆ ಹಾಕಿ ಕೊಟ್ಟಿದ್ನಲ್ರೀ!" ಅಂದರು ದೊಡ್ಡ ಟೀಚರು.

"ಅಕ್ಷರ ಒಂದೂ ಬಿಟ್ಟಿಲ್ಲ ಮೇಡಂ."

"ಚುಕ್ಕೆ?"

"ಚುಕ್ಕೆ ಅಕ್ಷರ ಅಲ್ವಲ್ಲ ಮೇಡಂ."

ದೊಡ್ಡ ಟೀಚರು ಗಡಿಯಾರ ನೋಡಿದರು. ಒಂಬತ್ತೂ ಐದಾಗಿತ್ತು. ಹನ್ನೊಂದು ವರ್ಷದ ಅಭ್ಯಾಸ ನೋಡಿ, ಆ ಸ್ಥಿತಿಯಲ್ಲೂ ಅವರು ಸರಸರನೆ ಹೋಗಿ ಗೇಟಿಗೆ ಬೀಗ ಹಾಕಿ ಬಂದರು. ಒಳಗೆ ಒಂದು ಮಗುವೂ ಇಲ್ಲದ ಶಾಲೆ ಹೊರಗಿನ ಮಗು ಯಾವುದೂ ನುಗ್ಗದಂತೆ ಭದ್ರವಾಯಿತು.

ಸಾಹೇಬರು ಫೈಲು ಬಿಚ್ಚಿದರು. "ಹಾಜರಾತಿ ಸೊನ್ನೆ ಅಂತ ಬರೀಲಾ?"

ಚಿಕ್ಕ ಟೀಚರು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಖಾಲಿ ಬೆಂಚುಗಳನ್ನೇ ನೋಡುತ್ತಿದ್ದರು. ಅವರು ನನ್ನನ್ನು ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನ್ನ ಮಗಳನ್ನು ಶಾಲೆಗೆ ತಂದ ಹೆಂಗಸನ್ನು ನನ್ನ ಕೈಯಾರೆ ಊರು ಬಿಡಿಸುತ್ತಿದ್ದೇನಲ್ಲ ಎಂದು ನನಗೆ ಅಳು ಬಂತು.

"ಹತ್ತರವರೆಗೆ ಕಾಯಿರಿ ಸಾರ್, ದಯವಿಟ್ಟು," ಅಂದರು ದೊಡ್ಡ ಟೀಚರು.

"ಹನ್ನೊಂದಕ್ಕೆ ನನಗೆ ಇನ್ನೊಂದು ಸ್ಕೂಲಿದೆ. ಹತ್ತರವರೆಗೆ ಕೂರ್ತೀನಿ. ಅಷ್ಟರೊಳಗೆ ಆ ಗೋಡೆ ಸರಿ ಮಾಡಿಸಿ," ಎಂದು ಸಾಹೇಬರು ರಿಜಿಸ್ಟರು ನೋಡಲು ಒಳಗೆ ಹೋದರು. ಅವರ ಹಿಂದೆಯೇ ಇಬ್ಬರು ಟೀಚರೂ ಹೋದರು.

ನಾನು ಬೆಂಚೊಂದನ್ನು ಎಳೆದುಕೊಂಡು ಬಂದು ಅದರ ಮೇಲೆ ಹತ್ತಿದೆ. ಇಪ್ಪತ್ತೆರಡು ವರ್ಷದ ವ್ರತ ಮುರಿಯುವುದಾದರೆ ಈ ಪುಣ್ಯ ಕೆಲಸಕ್ಕೇ ಮುರಿಯಲಿ ಎಂದು ಚುಕ್ಕೆ ಇಟ್ಟೆ. ಒಂದಲ್ಲ, ನಾಲ್ಕು. ಸಣ್ಣದಾದರೆ ಕಾಣುವುದಿಲ್ಲವೆಂದು ಒಂದೊಂದು ಚುಕ್ಕೆಯನ್ನೂ ನಿಂಬೆಹಣ್ಣಿನ ಗಾತ್ರಕ್ಕೆ ತುಂಬಿದೆ. ನನ್ನ ಕಸುಬಿನ ಮೇಲೆ ನನಗೆ ಮತ್ತೆ ವಿಶ್ವಾಸ ಬಂತು.

"ಆಯ್ತು ಸಾರ್!" ಎಂದು ಕೂಗಿದೆ.

ಮೂವರೂ ಹೊರಗೆ ಬಂದರು. ಪ್ರತಿ ಸಾಲಿನ ಕೊನೆಗೆ ಒಂದೊಂದು ಚುಕ್ಕೆ ಫಳಫಳ ಹೊಳೆಯುತ್ತಿತ್ತು. ಬನ್ನಿ ತಡವಾಗಿ, ಚುಕ್ಕೆ. ಬರಬೇಡಿ ಸಮಯಕ್ಕೆ, ಚುಕ್ಕೆ.

ಸಾಹೇಬರು ಹತ್ತಿರ ಹೋಗಿ ಒಂದೊಂದು ಚುಕ್ಕೆಯನ್ನೂ ನೋಡಿದರು. "ಮೊದಲು ಸ್ವಲ್ಪ ಅನುಮಾನವಾದ್ರೂ ಇತ್ತು," ಅಂದರು. "ಈಗ ಅದೂ ಇಲ್ಲ. ಪೂರ್ಣವಿರಾಮ ಎಲ್ಲಿ ಹಾಕಬೇಕು ಅಂತ ಗೊತ್ತಿಲ್ವೇನಯ್ಯಾ ನಿನಗೆ?"

ನನ್ನ ಹತ್ತಿರ ಇದ್ದ ಸುಳ್ಳುಗಳೆಲ್ಲ ಹಿಂದಿನ ಸಂಜೆಯೇ ಖರ್ಚಾಗಿದ್ದವು. ಬೇರೆ ದಾರಿಯಿಲ್ಲದೆ ನಿಜ ಹೇಳಿದೆ.

"ಆ ಪಾಠ ಬೆಳಿಗ್ಗೆ ಮೊದಲನೇ ಪೀರಿಯಡ್‌ನಲ್ಲಿ ಮಾಡ್ತಿದ್ರು ಸಾರ್. ನಾನು ಯಾವಾಗ್ಲೂ ಎರಡನೇ ಪೀರಿಯಡ್‌ಗೆ ಹೋಗ್ತಿದ್ದೆ."

ದೊಡ್ಡ ಟೀಚರು ಹಣೆ ಚಚ್ಚಿಕೊಂಡರು. ಚಿಕ್ಕ ಟೀಚರಿಗೆ ಆ ದುಃಖದಲ್ಲೂ ನಗು ಬಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ತಪ್ಪೆಲ್ಲಾ ನಂದು ಸಾರ್," ಅಂದೆ. "ಹತ್ತು ಗಂಟೆ ಅಂತ ಬೀದಿಗೆಲ್ಲಾ ಹೇಳಿದ್ದೂ ನಾನೇ. ಟೀಚರನ್ನ ಕಳಿಸಬೇಡಿ. ಇವರು ಬಂದ ಮೇಲೇ ನನ್ನ ಮಗಳು ಸ್ಕೂಲಿಗೆ ಬರೋಕೆ ಶುರು ಮಾಡಿದ್ದು. ಇವರು ಹೋದ್ರೆ ಅವಳು ಮತ್ತೆ ಬರಲ್ಲ."

"ಈಗ ಎಲ್ಲಿದಾಳೆ ನಿನ್ನ ಮಗಳು?"

"ಹತ್ತಕ್ಕೆ ಬರ್ತಾಳೆ ಸಾರ್."

ಸಾಹೇಬರು ಕುರ್ಚಿ ತರಿಸಿಕೊಂಡು ಗೇಟಿಗೆ ಎದುರಾಗಿ ಕೂತರು. ಚುಕ್ಕೆಗಳು ಒಣಗತೊಡಗಿದವು.

ಒಂಬತ್ತೂ ಐವತ್ತಕ್ಕೆ ಬೀದಿಯ ಆ ತುದಿಯಿಂದ ಗದ್ದಲ ಕೇಳಿತು. ಎಲ್ಲರಿಗಿಂತ ಮುಂದೆ ದಳಪತಿಯಂತೆ ನಮ್ಮ ಅತ್ತೆ, ಅವರ ಕೈ ಹಿಡಿದು ಮೆಲ್ಲಿ, ಅವರ ಹಿಂದೆ ತಲೆ ಬಾಚಿ, ಮುಖ ತೊಳೆದು, ಹೊಟ್ಟೆ ತುಂಬ ತಿಂಡಿ ತಿಂದು, ಕಣ್ತುಂಬ ನಿದ್ದೆ ಮುಗಿಸಿದ ಮಕ್ಕಳ ಸೈನ್ಯ. ಎಷ್ಟೋ ತಿಂಗಳಿಂದ ಶಾಲೆಯ ಮುಖ ನೋಡದವರೂ ಇದ್ದರು. ಎಲ್ಲರೂ ಬಂದು ಬೀಗ ಹಾಕಿದ ಗೇಟಿನ ಮುಂದೆ ನಿಂತರು.

ದೊಡ್ಡ ಟೀಚರು ಬೀಗದ ಕೈ ಹಿಡಿದು ಗೇಟಿನವರೆಗೆ ಹೋದರು. ಅಲ್ಲಿ ಅವರ ಕೈ ನಿಂತಿತು. ತಡವಾಗಿ ಬಂದವರಿಗೆ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತೆಗೆಯದ ಬೀಗ. "ನಾಳೆ ಬನ್ನಿ" ಎಂಬ ಮಾತು ಅವರ ತುಟಿಯವರೆಗೆ ಬಂದದ್ದನ್ನು ನಾನೇ ಕಂಡೆ.

"ಮೇಡಂ," ಅಂದರು ಚಿಕ್ಕ ಟೀಚರು, "ತೆಗೀರಿ."

ದೊಡ್ಡ ಟೀಚರು ಕಣ್ಣು ಮುಚ್ಚಿಕೊಂಡು ಬೀಗ ತೆಗೆದರು.

ಸಾಹೇಬರು ಎಣಿಸಿದರು. ನಲವತ್ತೆರಡು ಆಯಿತು. ಮತ್ತೆ ಎಣಿಸಿದರು, ಮತ್ತೂ ನಲವತ್ತೆರಡು. ಕೊನೆಗೆ ಟೈಲರ ಮಗನ ಹಿಂದೆ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತಿದ್ದ ಮೂರು ವರ್ಷದ ತಮ್ಮನನ್ನು ಬೇರೆ ಮಾಡಿದ ಮೇಲೆ ನಲವತ್ತೊಂದಕ್ಕೆ ಬಂತು. ತಮ್ಮ ಹೋಗಲು ಒಪ್ಪಲಿಲ್ಲ. ಅವನನ್ನು ಅತ್ತೆ ಎತ್ತಿಕೊಂಡರು.

"ಯಾಕ್ರೋ ತಡ?" ಎಂದು ಸಾಹೇಬರು ಗದರಿದರು. "ಒಂಬತ್ತು ಗಂಟೆಯ ಸ್ಕೂಲಿಗೆ ಹತ್ತಕ್ಕೆ ಬರೋದು ಯಾರು ಹೇಳಿಕೊಟ್ಟಿದ್ದು?"

ಮಕ್ಕಳೆಲ್ಲ ಒಬ್ಬರ ಹಿಂದೆ ಒಬ್ಬರು ಅಡಗಿದರು. ಹೀಗೆ ಎಲ್ಲರೂ ಹಿಂದೆ ಹಿಂದೆ ಸರಿದದ್ದರಿಂದ, ಇದ್ದಲ್ಲಿಯೇ ನಿಂತಿದ್ದ ಮೆಲ್ಲಿ ತಾನಾಗಿಯೇ ಮುಂದಾದಳು. ಅವಳು ಅಳುತ್ತಾಳೆ, ಗೇಟು ಹಿಡಿದುಕೊಳ್ಳುತ್ತಾಳೆ, ಇವತ್ತಿಗೆ ಎಲ್ಲ ಮುಗಿಯಿತು ಎಂದುಕೊಂಡೆ. ಅವಳು ಕೈ ಎತ್ತಿ ಗೋಡೆ ತೋರಿಸಿ ಏನೋ ಹೇಳಿದಳು.

"ಕೇಳಿಸ್ತಿಲ್ಲ," ಅಂದರು ಸಾಹೇಬರು.

ಮೆಲ್ಲಿ ಚಿಕ್ಕ ಟೀಚರ ಮುಖ ನೋಡಿದಳು. ಅವರು ತಲೆಯಾಡಿಸಿದರು. ಆಗ ನನ್ನ ಮಗಳು ಗೋಡೆಯ ಕಡೆ ಬೆರಳು ಮಾಡಿ, ಹುಟ್ಟಿದಾಗಿನಿಂದ ಕೂಡಿಟ್ಟಿದ್ದ ದನಿಯನ್ನೆಲ್ಲ ಒಟ್ಟಿಗೆ ತೆಗೆದು ಓದಿದಳು. "ದಿನವೂ ಶಾಲೆಗೆ! ಬನ್ನಿ ತಡವಾಗಿ! ಬರಬೇಡಿ ಸಮಯಕ್ಕೆ! ಸರಿಯಾಗಿ ಬಂದವರೇ ಜಾಣರು!" ಓದಿ ಮುಗಿಸಿ, "ನಿನ್ನೆ ಸಾಲು ಮುಗಿದ ಕಡೆ ನಿಲ್ಲಿಸಿದ್ವಿ. ಇವತ್ತು ಚುಕ್ಕೆನೂ ಇದೆ. ಚುಕ್ಕೆ ಇದ್ದ ಕಡೆ ನಿಲ್ಲಿಸಬೇಕು," ಅಂದಳು.

"ಯಾರು ಹೇಳಿದ್ದು?"

ಮೆಲ್ಲಿಯ ಬೆರಳು ಗೋಡೆಯಿಂದ ಚಿಕ್ಕ ಟೀಚರ ಕಡೆಗೆ ತಿರುಗಿತು.

ಸಾಹೇಬರು ಅವಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಆಮೇಲೆ ತಮ್ಮ ಫೈಲಿನ ರಟ್ಟನ್ನು ಟೈಲರ ಮಗನ ಮುಂದೆ ಹಿಡಿದರು. ಅವನು ಬೆರಳಿಟ್ಟು "ಹಾಜ-ರಾತಿ ತ-ಪಾಸಣಾ ವರದಿ" ಎಂದು ಓದಿದ. ಇನ್ನೊಬ್ಬಳು ಒಳಗಿನ ಹಾಳೆ ಓದಿದಳು. ಮತ್ತೊಬ್ಬ ಸಾಹೇಬರ ಜೇಬಿನ ಪೆನ್ನಿನ ಮೇಲಿದ್ದದ್ದನ್ನೂ ಓದಿದ. ಎರಡನೇ ಕ್ಲಾಸಿನವರು ಇಷ್ಟು ಓದಿದ್ದನ್ನು ಕೇಳಿ ಸಾಹೇಬರ ಹುಬ್ಬು ಕನ್ನಡಕದ ಮೇಲಕ್ಕೆ ಹೋಯಿತು. ಕೆಲವು ಮಕ್ಕಳು ಮಾತ್ರ ಹಾಳೆ ನೋಡಿ ತಲೆ ತಗ್ಗಿಸಿದರು.

"ಇವರಿಗೆ ಯಾಕೆ ಬರಲ್ಲ?"

"ಓದೋ ಪಾಠ ದಿನಾ ಒಂಬತ್ತರಿಂದ ಹತ್ತರವರೆಗೆ ಸಾರ್," ಅಂದರು ಚಿಕ್ಕ ಟೀಚರು. "ಬರೋ ಮಕ್ಕಳಿಗೆ ಬಂದಿದೆ. ಗೇಟಿಂದ ವಾಪಸು ಹೋದವರಿಗೆ ಬಂದಿಲ್ಲ. ಇವತ್ತು ಆ ಒಂದು ಗಂಟೆ ಎಲ್ಲರಿಗೂ ಹೋಯ್ತು."

ಆ ಮಾತು ಗೇಟಿಗೂ ತಾಗಿತು, ಗೋಡೆಗೂ ತಾಗಿತು. ದೊಡ್ಡ ಟೀಚರು ನೆಲ ನೋಡಿದರು. ನಾನು ಡಬ್ಬಿ ನೋಡಿದೆ.

ಸಾಹೇಬರು ಫಾರಂ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. ಬಹಳ ಹೊತ್ತು ಫಾರಂ ಅನ್ನು ಹಿಂದೆ ಮುಂದೆ ತಿರುಗಿಸಿದರು. "ಇದರಲ್ಲಿ ಹಾಜರು ಅಂತ ಒಂದು ಕಾಲಂ ಇದೆ, ಗೈರುಹಾಜರು ಅಂತ ಒಂದಿದೆ. ತಡ ಅಂತ ಕಾಲಂ ಇಲ್ವಲ್ಲ," ಅಂದರು. ಮೇಲಿನ ಆಫೀಸಿನವರು ತಡವೆಂಬ ಒಂದು ಸಂಗತಿ ಲೋಕದಲ್ಲಿದೆ ಎಂದೇ ಒಪ್ಪಿರಲಿಲ್ಲ. ಅವರ ಹೊಟ್ಟೆ ತಣ್ಣಗಿರಲಿ. "ಇಲ್ಲದ್ದನ್ನ ನಾನೆಲ್ಲಿ ಬರೀಲಿ?" ಎಂದು ಸಾಹೇಬರು ಬರೆದರು: ಹಾಜರು ನಲವತ್ತೊಂದು, ಗೈರುಹಾಜರು ಸೊನ್ನೆ. ಶಿಫಾರಸು ಎಂಬಲ್ಲಿ, ಇಬ್ಬರು ಶಿಕ್ಷಕಿಯರೂ ಮುಂದುವರಿಯತಕ್ಕದ್ದು. ಕೆಳಗೆ ಷರಾ ಎಂಬ ಜಾಗದಲ್ಲಿ ಸ್ವಲ್ಪ ಯೋಚಿಸಿ ಹೀಗೆ ಬರೆದರು: 'ಇಲ್ಲಿಯ ಮಕ್ಕಳು ಬರೆದದ್ದನ್ನು ಸರಿಯಾಗಿ ಓದುತ್ತಾರೆ. ಬರೆಯುವವರಿಗೆ ತರಬೇತಿಯ ಅಗತ್ಯವಿದೆ.'

ಚಿಕ್ಕ ಟೀಚರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಮೆಲ್ಲಿ ಹೋಗಿ ಅವರ ಪಕ್ಕದಲ್ಲಿ ಕೂತಳು. ನಾನು ಗೋಡೆಗೆ ಒರಗಿದೆ. ನನ್ನ ಇಸ್ತ್ರಿ ಅಂಗಿಯ ಬೆನ್ನಿಗೆ ಎರಡು ಹಸಿ ಪೂರ್ಣವಿರಾಮಗಳು ಅಂಟಿಕೊಂಡಿವೆ ಎಂದು ಮನೆಗೆ ಹೋದ ಮೇಲೆ ಹೆಂಡತಿ ಹೇಳಿದಳು. ಅವತ್ತು ಅದು ನನಗೆ ಲೆಕ್ಕಕ್ಕೇ ಬರಲಿಲ್ಲ.

ಹೊರಡುವಾಗ ಸಾಹೇಬರು ದೊಡ್ಡ ಟೀಚರಿಗೆ ಹೇಳಿದರು, "ಒಂಬತ್ತು ಅಂದ್ರೆ ಒಂಬತ್ತೇ. ಅದನ್ನ ಬಿಡಬೇಡಿ. ಆದ್ರೆ ತಡವಾಗಿ ಬಂದ ಮಗುವಿಗೆ ಬುದ್ಧಿ ಹೇಳಿ ಒಳಗೆ ಕೂರಿಸಿ. ಮಕ್ಕಳ ಮುಖಕ್ಕೆ ಗೇಟು ಹಾಕಬಾರದು." ನನ್ನ ಕಡೆ ತಿರುಗಿ, "ನಾಳೆ ಒಂಬತ್ತರೊಳಗೆ ಈ ಗೋಡೆ ಸರಿಯಾಗಿರಬೇಕು. ಚುಕ್ಕೆ ಎಲ್ಲಿ ಅಂತ ನಿನ್ನ ಮಗಳನ್ನ ಕೇಳಿಕೊಂಡು ಬಾ," ಅಂದರು.

ಆ ಸಂಜೆ ನಾನು ಬೀದಿಯ ಎಲ್ಲ ಬಾಗಿಲಿಗೂ ಹೋಗಿ ಒಂಬತ್ತು ಗಂಟೆ, ಒಂಬತ್ತು ಗಂಟೆ ಎಂದು ಹೇಳಿ ಬಂದೆ. ಅತ್ತೆಯ ಗೌರವ ಇದ್ದಲ್ಲಿಗೇ ಮರಳಿತು. ಟೈಲರು, "ದೊಡ್ಡ ಟೀಚರು ಇದನ್ನೂ ನಿಮಗೆ ಮೊದಲೇ ಹೇಳಿದ್ರಾ ಪೇಂಟ್ರೇ?" ಎಂದು ಕೇಳಿದರು. "ನನಗೆ ಗೊತ್ತಿಲ್ಲ" ಅಂದೆ. ಹೇಳಿ ನೋಡಿದರೆ ಅಷ್ಟೇನೂ ಕಷ್ಟದ ಮಾತಲ್ಲ.

ಬುಧವಾರ ಬೆಳಿಗ್ಗೆ ಬೇಗನೇ ಎದ್ದೆ. ಆದರೆ ಬಿಳಿ ಬಣ್ಣದ ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಕೂತಿತ್ತು, ಬ್ರಷ್ಷು ಒಂದು ಕಡೆ, ಏಣಿ ಒಂದು ಕಡೆ. ಎಲ್ಲ ಹೊಂದಿಸಿಕೊಂಡು, "ನಡಿಯಮ್ಮ ಹೋಗೋಣ" ಎಂದು ಕೈ ಚಾಚಿದರೆ ಮಗಳಿಲ್ಲ. "ಅವಳು ಆಗಲೇ ಒಬ್ಬಳೇ ಹೋದಳು. ಅಪ್ಪನ ಜೊತೆ ಹೋದ್ರೆ ತಡ ಆಗುತ್ತಂತೆ," ಅಂದಳು ಹೆಂಡತಿ. ನಾನು ಏಣಿ ಹೊತ್ತುಕೊಂಡು ಓಡಿದೆ. ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಒಂಬತ್ತೂ ಆರು. ಬೀಗ ಬಿದ್ದಿತ್ತು. ಕಂಬಿಗಳ ಆಚೆ ದೊಡ್ಡ ಟೀಚರು.

"ಮೇಡಂ, ಒಂದೇ ನಿಮಿಷ. ಸಾಹೇಬರು ಗೇಟು ಹಾಕಬಾರದು ಅಂದಿದಾರಲ್ಲ."

"ಮಕ್ಕಳ ಮುಖಕ್ಕೆ ಹಾಕಬಾರದು ಅಂದಿದಾರೆ. ಪೇಂಟರ್ ಮುಖಕ್ಕೆ ಅಂತ ಅಂದಿಲ್ಲ. ಸ್ಕೂಲ್ ಬಿಟ್ಟ ಮೇಲೆ ಬನ್ನಿ," ಎಂದು ಹೇಳಿ, ಬಹಳ ದಿನದ ಬಾಕಿ ತೀರಿಸಿದವರಂತೆ ಹಗುರಾಗಿ ಒಳಗೆ ಹೋದರು.

ನಾನು ಏಣಿಯನ್ನು ಕೆಳಗಿಟ್ಟು ಅಲ್ಲೇ ನಿಂತೆ. ಒಳಗೆ ಚಿಕ್ಕ ಟೀಚರು ಹಾಜರಿ ಕರೆಯುತ್ತಿದ್ದರು. ಒಬ್ಬೊಬ್ಬರೇ ಹಾಜರ್, ಹಾಜರ್ ಅನ್ನುತ್ತಿದ್ದರು. ಹದಿನೇಳನೆಯ ನಂಬರು ಕರೆದಾಗ "ಹಾಜರ್ ಟೀಚರ್!" ಎಂದು ಒಂದು ದನಿ ಕಿಟಕಿ ದಾಟಿ, ಅಂಗಳ ದಾಟಿ, ಗೇಟು ದಾಟಿ ಬಂತು. ಬೀದಿಯಾಚೆ ಟೈಲರ ಮಿಷನ್ನು ಗಕ್ಕನೆ ನಿಂತಿತು.

"ಯಾರ್ರೀ ಅದು ಪೇಂಟ್ರೇ, ಅಷ್ಟು ಜೋರಾಗಿ?" ಎಂದು ಟೈಲರು ಕೂಗಿದರು.

"ನನ್ನ ಮಗಳು!" ಎಂದು ನಾನು ಅದಕ್ಕಿಂತ ಜೋರಾಗಿ ಕೂಗಿದೆ.